ಹನ್ನೆರಡು ದಿನ ಹೆಚ್ಚಾಗಿ ಉಳಿದದ್ದಕ್ಕೆ

ಮಗಳ ಮೊದಲ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಾಗ ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ಪ್ರವಾಸಿ ವೀಸಾ ಇತ್ತು. ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದಿದ್ದೆ. ಏಪ್ರಿಲ್ 3ಕ್ಕೆ ಇಳಿದೆ. ಆರು ತಿಂಗಳು ಅಂತ ಬಾಯಿಲೆಕ್ಕ. “ದಸರಾ ಮುಗಿಸಿಕೊಂಡೇ ಹೊರಡಿ ಅತ್ತೆ, ಗೊಂಬೆ ಕೂರಿಸೋಣ” ಎಂದರು ಅಳಿಯ. ಅಕ್ಟೋಬರ್ 14ರ ಟಿಕೆಟ್ಟೂ ಅಗ್ಗಕ್ಕೆ ಸಿಕ್ಕಿತು. ಹತ್ತು ವರ್ಷದ ವೀಸಾ ಇರುವವಳಿಗೆ ಹತ್ತು ದಿನದ ಲೆಕ್ಕ ಯಾಕೆ?

ಹೊರಡುವಾಗ ಯಾರೂ ತಡೆಯಲಿಲ್ಲ. ನಮ್ಮಲ್ಲಿಯ ಹಾಗೆ ಅಲ್ಲಿ ಹೊರಡುವವರಿಗೆ ಇಮಿಗ್ರೇಶನ್ ಸಾಲಿಲ್ಲ, ಮೊಹರಿಲ್ಲ. ವಿಮಾನ ಕಂಪನಿ ಕಳಿಸುವ ಪ್ರಯಾಣಿಕರ ವಿವರದಿಂದಲೇ ಸರ್ಕಾರಕ್ಕೆ ಎಲ್ಲ ಗೊತ್ತಾಗುತ್ತದೆ.

ಎರಡು ವರ್ಷದ ಮೇಲೆ ಎರಡನೇ ಬಾಣಂತನ. ಅಂಟಿನುಂಡೆಯ ಡಬ್ಬ ಹೊತ್ತು ಇಳಿದವಳನ್ನು ಒಳಕೋಣೆಗೆ ಕರೆದೊಯ್ದರು. ಅಧಿಕಾರಿ ಫೋನಿನಲ್ಲಿ ದುಭಾಷಿಯನ್ನು ಹಿಡಿದರು. ಆ ಕಡೆಯಿಂದ ಅಪ್ಪಟ ಧಾರವಾಡದ ಕನ್ನಡ: “ಅಕ್ಟೋಬರ್ ಎರಡಕ್ಕ ನಿಮ್ಮ ಅವಧಿ ಮುಗದಿತ್ರೀ ಅಮ್ಮಾ, ಯಾಕ ಉಳದ್ರಿ?” ಗೊಂಬೆ ಕೂರಿಸಲಿಕ್ಕೆ ಅಂತ ಹೇಗೆ ಹೇಳಲಿ! ಮರುದಿನದ ವಿಮಾನಕ್ಕೆ ವಾಪಸು ಹತ್ತಿಸಿದರು.

ವೀಸಾ ಇದ್ದರೆ ಆ ದೇಶದ ಬಾಗಿಲು ತಟ್ಟಬಹುದು, ಅಷ್ಟೆ. ಎಷ್ಟು ದಿನ ಇರಬಹುದೆಂಬುದನ್ನು ಇಳಿದಲ್ಲಿನ ಅಧಿಕಾರಿ ತೀರ್ಮಾನಿಸುತ್ತಾರೆ. ಆ ತಾರೀಕು ಐ-94 ಎಂಬ ದಾಖಲೆಯಲ್ಲಿರುತ್ತದೆ. ಮೊದಲು ಅದು ಪಾಸ್‌ಪೋರ್ಟಿಗೆ ಲಗತ್ತಿಸಿದ ಚೀಟಿಯಾಗಿತ್ತು. 2013ರಿಂದ ವಿಮಾನದಲ್ಲಿ ಬಂದವರದು ಕಂಪ್ಯೂಟರಿನಲ್ಲೇ ಇರುತ್ತದೆ, ಜಾಲತಾಣದಲ್ಲಿ ನಾವೇ ತೆಗೆದು ನೋಡಬೇಕು. ಪಾಸ್‌ಪೋರ್ಟಿನ ಅವಧಿ ಬೇಗ ಮುಗಿಯುವುದಿದ್ದರೆ ಆ ತಾರೀಕು ಇನ್ನೂ ಮುಂಚೆ ಬೀಳಬಹುದು. ನಾವು ಮನೆಮಂದಿಯೆಲ್ಲ ಓದಿದವರು, ಒಬ್ಬರೂ ನೋಡಿರಲಿಲ್ಲ.

ಒಂದು ದಿನ ಮೀರಿದರೂ ಆ ವೀಸಾ ರದ್ದಾದಂತೆ. ಹೊಸದಕ್ಕೆ ಊರಿಗೆ ಬಂದೇ ಅರ್ಜಿ ಹಾಕಬೇಕು. 1996ರ ಕಾನೂನಿನ ಪ್ರಕಾರ 180 ದಿನಕ್ಕಿಂತ ಹೆಚ್ಚು ಉಳಿದು ಹೊರಬಿದ್ದರೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಾದರೆ ಹತ್ತು ವರ್ಷ ಆ ಕಡೆ ಕಾಲಿಡುವಂತಿಲ್ಲ. ನನ್ನದು ಹನ್ನೆರಡೇ ದಿನ ಅಂತ ಸಮಾಧಾನ ಹೇಳುವವರಿದ್ದಾರೆ. ತಾರೀಕು ದಾಟುವ ಮೊದಲೇ ಐ-539 ಅರ್ಜಿ ಹಾಕಿ ಅವಧಿ ಹೆಚ್ಚಿಸಿ ಎಂದು ಕೇಳಬಹುದಿತ್ತು. ಅದೂ ಗೊತ್ತಿರಲಿಲ್ಲ.

ಎರಡನೇ ಮೊಮ್ಮಗನಿಗೆ ಈಗ ಏಳು ತಿಂಗಳು. ಎತ್ತಿಕೊಂಡಿಲ್ಲ, ಫೋನಿನಲ್ಲೇ ನೋಡುತ್ತೇನೆ. ಬಾಣಂತನಕ್ಕೆ ಹೊರಟಿರುವ ಅಜ್ಜಿಯರೇ, ಇಳಿದ ದಿನವೇ ಅಳಿಯನಿಂದ ಐ-94 ತೆಗೆಸಿ, ಆ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಿ. ಟಿಕೆಟ್ಟು ಅದಕ್ಕೆ ವಾರ ಮುಂಚಿನದಿರಲಿ.