ಕೊಯ್ದಿಟ್ಟ ಉಳ್ಳಾಗಡ್ಡಿಯ ಒಳಗೆ ಏನು ನಡೆಯುತ್ತದೆ?



ಹಂಪಸಾಗರ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಉಳ್ಳಾಗಡ್ಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ತಮಿಳುನಾಡಿನ ಪೇಟೆಗಳಲ್ಲಿ ದಪ್ಪ ಈರುಳ್ಳಿಗೆ ‘ಬಳ್ಳಾರಿ’ ಎಂದೇ ಹೆಸರು. ಆದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಜೀವಕೋಶದ ಪಾಠವನ್ನು ಸಾಮಾನ್ಯವಾಗಿ ಇದೇ ಗೆಡ್ಡೆಯಿಂದ ಆರಂಭಿಸುತ್ತಾರೆಂಬುದು ಅನೇಕರಿಗೆ ತಿಳಿದಿರಲಾರದು. ಅವರು ಅಲ್ಲಿ ಕಾಣುವ ಸಂಗತಿಗೂ ನಿಮ್ಮ ಶೆಡ್ಡಿನಲ್ಲಿ ಕೊಳೆಯುವ ಗೆಡ್ಡೆಗೂ ನೇರವಾದ ಸಂಬಂಧವಿದೆ.

ಗೆಡ್ಡೆಯನ್ನು ಸೀಳಿ, ಒಂದು ದಪ್ಪ ಪದರಿನ ಒಳಮೈಯಿಂದ ತೆಳುವಾದ ಪೊರೆಯನ್ನು ಚಿಮಟದಿಂದ ಎತ್ತಬೇಕು. ಅದನ್ನು ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿ ಮಡಿಕೆ ಬೀಳದಂತೆ ಹರಡಿ, ಒಂದು ಹನಿ ಅಯೋಡಿನ್ ದ್ರಾವಣ ಹಾಕಿ, ಮೇಲೆ ತೆಳು ಗಾಜನ್ನು ಓರೆಯಾಗಿ ಇಳಿಸಬೇಕು. ನೇರವಾಗಿ ಇಟ್ಟರೆ ಗಾಳಿಗುಳ್ಳೆ ಸೇರುತ್ತದೆ. ಹೊಸಬರು ಈ ಗುಳ್ಳೆಯನ್ನೇ ಜೀವಕೋಶವೆಂದು ಬರೆದುಕೊಳ್ಳುವುದುಂಟು! ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಟ್ಟಿಗೆ ಜೋಡಿಸಿದ ಗೋಡೆಯಂತೆ ಕೋಶಗಳು ಕಾಣುತ್ತವೆ. ಪ್ರತಿಯೊಂದಕ್ಕೂ ಗಟ್ಟಿಯಾದ ಭಿತ್ತಿ, ಒಳಗೆ ಒಂದು ಕೋಶಕೇಂದ್ರ, ಉಳಿದ ಜಾಗದ ಬಹುಭಾಗವನ್ನು ತುಂಬಿದ ರಸದ ಚೀಲ.

ಈ ರಸದ ಚೀಲದಲ್ಲಿ ಒಂದು ಕಿಣ್ವವಿದೆ. ಅದು ಕೆಲಸ ಮಾಡಬೇಕಾದ ಗಂಧಕಯುಕ್ತ ವಸ್ತುವು ಚೀಲದ ಹೊರಗೆ, ಕೋಶದ್ರವದಲ್ಲಿದೆ. ಕೋಶ ಗಟ್ಟಿಯಾಗಿರುವವರೆಗೆ ಎರಡೂ ಕೂಡುವುದಿಲ್ಲ; ಆದುದರಿಂದಲೇ ಹೆಚ್ಚದ ಗೆಡ್ಡೆಗೆ ಅಷ್ಟೊಂದು ಘಾಟಿಲ್ಲ. ಈಳಿಗೆ ತಾಗಿ ಕೋಶ ಒಡೆದಾಗ ಅವು ಬೆರೆತು, ಮತ್ತೊಂದು ಕಿಣ್ವದ ನೆರವಿನಿಂದ ಕಣ್ಣೀರು ಬರಿಸುವ ಆವಿ ಹುಟ್ಟುತ್ತದೆ. ಈ ಎರಡನೆಯ ಕಿಣ್ವವನ್ನು ಜಪಾನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಪಡಿಸಿದರು.

ಒಡೆಯಲು ಈಳಿಗೆಯೇ ಬೇಕೆಂದಿಲ್ಲ. ಚೀಲವನ್ನು ಲಾರಿಗೆ ಎಸೆದಾಗ, ರಾಶಿಯ ಮೇಲೆ ನಡೆದಾಗ, ಗುದ್ದಲಿಯ ತುದಿ ತಾಗಿದಾಗ ಒಳಗಿನ ಸಾವಿರಾರು ಕೋಶಗಳು ಒಡೆದಿರುತ್ತವೆ. ಹೊರಸಿಪ್ಪೆ ಮಾತ್ರ ಹಾಗೆಯೇ ಇರುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಸುರಿದ ರಸದಲ್ಲಿ ಸಕ್ಕರೆಯ ಅಂಶವಿದ್ದು, ಕಪ್ಪು ಬೂಷ್ಟಿಗೂ ಮೆತುಕೊಳೆ ತರುವ ದುಂಡಾಣುಗಳಿಗೂ ಅದೇ ಆಹಾರ. ಹಮಾಲಿಯ ಒರಟುತನಕ್ಕೆ ರೈತನು ತೆರುವ ದಂಡ ನಾವು ಎಣಿಸುವುದಕ್ಕಿಂತ ದೊಡ್ಡದೆಂದು ನನ್ನ ಅಭಿಪ್ರಾಯ.

ಇನ್ನು ಮೊಳಕೆಯ ವಿಷಯ. ಗೆಡ್ಡೆಯ ಬುಡವು ನೀರಿಗೆ ತಾಗುವಂತೆ ಲೋಟದ ಬಾಯಿಯ ಮೇಲೆ ಇಟ್ಟರೆ ಮೂರು ನಾಲ್ಕು ದಿನಗಳಲ್ಲಿ ಬೇರು ಇಳಿಯುತ್ತದೆ. ವಿದ್ಯಾರ್ಥಿಗಳು ಬೇರಿನ ತುದಿಯನ್ನು ಕತ್ತರಿಸಿ, ಮೂರು ಪಾಲು ಮದ್ಯಸಾರ, ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಒಂದು ದಿನ ಇಡುತ್ತಾರೆ. ನಂತರ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೆಚ್ಚಗೆ ಮಾಡಿ ಮೆದುಗೊಳಿಸಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ತೆಳು ಗಾಜಿನ ಕೆಳಗೆ ಹೆಬ್ಬೆರಳಿನಿಂದ ನೇರವಾಗಿ ಒತ್ತುತ್ತಾರೆ. ಆಗ ವರ್ಣತಂತುಗಳು ಹಂಚಿಕೊಂಡು ಒಂದು ಕೋಶ ಎರಡಾಗುವ ನಾನಾ ಹಂತಗಳು ಕಾಣಸಿಗುತ್ತವೆ. ಈರುಳ್ಳಿಯ ಪ್ರತಿ ಕೋಶದಲ್ಲಿ 16 ವರ್ಣತಂತುಗಳಿದ್ದು, ಅವು ದಪ್ಪವಾಗಿರುವುದರಿಂದ ಎಣಿಸುವುದು ಸುಲಭ. ತುದಿಯ ಒಂದೆರಡು ಮಿಲಿಮೀಟರ್ ಬಿಟ್ಟು ಮೇಲಿನ ಭಾಗ ತೆಗೆದುಕೊಂಡವರಿಗೆ ಮಾತ್ರ ಏನೂ ಸಿಗದು, ಏಕೆಂದರೆ ಅಲ್ಲಿನ ಕೋಶಗಳು ವಿಭಜಿಸುವುದನ್ನು ನಿಲ್ಲಿಸಿರುತ್ತವೆ.

ಗೆಡ್ಡೆಯಲ್ಲಿಯೂ ಹೀಗೆಯೇ. ದಪ್ಪ ಪದರುಗಳ ಕೋಶಗಳು ಆಹಾರ ಕೂಡಿಟ್ಟು ಸುಮ್ಮನಿರುತ್ತವೆ. ಬುಡದ ಬಿಲ್ಲೆ ಮತ್ತು ನಡುವಿನ ಮೊಗ್ಗಿನ ಕೋಶಗಳು ಕೆಲಕಾಲ ನಿದ್ರಿಸಿ ಮತ್ತೆ ವಿಭಜಿಸತೊಡಗುತ್ತವೆ. ಬುಡಕ್ಕೆ ತೇವ ತಗಲಿದರೆ ಬೇರು, ಒಳಗಿನ ಮೊಗ್ಗು ಎದ್ದರೆ ಮೊಳಕೆ. ಮಹಾರಾಷ್ಟ್ರದ ಲಾಸಲಗಾಂವ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರವು ಸ್ಥಾಪಿಸಿದ ಘಟಕದಲ್ಲಿ ಗೆಡ್ಡೆಗೆ ವಿಕಿರಣ ಹಾಯಿಸುವುದು ಈ ಮೊಗ್ಗಿನ ಕೋಶಗಳ ವಿಭಜನೆಯನ್ನು ತಡೆಯುವುದಕ್ಕಾಗಿಯೇ. ಒಡೆದ ಕೋಶವನ್ನು ಅದು ಕೂಡಿಸಲಾರದು.

ನಮ್ಮ ಭಾಗದ ಮುಂಗಾರು ಬೆಳೆಯು ಮಳೆಯಲ್ಲೇ ಕೊಯ್ಲಿಗೆ ಬರುವುದರಿಂದ ಗೆಡ್ಡೆಯಲ್ಲಿ ನೀರಿನಂಶ ಹೆಚ್ಚು, ಕುತ್ತಿಗೆ ದಪ್ಪ. ಯೂರಿಯಾ ತಡವಾಗಿ ಕೊಟ್ಟರಂತೂ ಕುತ್ತಿಗೆ ಒಣಗುವುದೇ ಇಲ್ಲ. ಬೂಷ್ಟಿಗೆ ಅದು ತೆರೆದ ಬಾಗಿಲು. ನೀರಾವರಿಯಿದ್ದಲ್ಲಿ ಕೊಯ್ಲಿಗೆ 10ರಿಂದ 15 ದಿನ ಮುಂಚೆ ನೀರು ನಿಲ್ಲಿಸಬೇಕು. ಕಿತ್ತ ಗೆಡ್ಡೆಯನ್ನು ಒಂದರ ಸೊಪ್ಪು ಇನ್ನೊಂದನ್ನು ಮುಚ್ಚುವಂತೆ ಸಾಲಾಗಿ ಹೊಲದಲ್ಲಿ 3ರಿಂದ 5 ದಿನ ಒಣಗಿಸಿ, 2ರಿಂದ 2.5 ಸೆಂಟಿಮೀಟರ್ ಕುತ್ತಿಗೆ ಉಳಿಸಿ ಸೊಪ್ಪು ಕತ್ತರಿಸಿ, ಮತ್ತೆ ನೆರಳಿನಲ್ಲಿ ಒಂದು ವಾರ ಆರಿಸತಕ್ಕದ್ದು. ಹೊಲದಲ್ಲಿರುವಾಗ ಮಳೆ ಬರುವಂತಿದ್ದರೆ ಸೊಪ್ಪಿನ ಸಮೇತ ಶೆಡ್ಡಿಗೆ ಸಾಗಿಸಿ, ತೆಳುವಾಗಿ ಹರಡುವುದೇ ಲೇಸು.

ಬೆಲೆ ಏರಲೆಂದು ಕಾಯುವ ಮೊದಲು ರಾಶಿಯ ಬೇರೆ ಬೇರೆ ಕಡೆಯಿಂದ ಹತ್ತು ಗೆಡ್ಡೆ ತೆಗೆದು ಬುಡದಿಂದ ಕುತ್ತಿಗೆಯವರೆಗೆ ಉದ್ದಕ್ಕೆ ಸೀಳಿ ನೋಡಿರಿ. ಇದಕ್ಕೆ ಸೂಕ್ಷ್ಮದರ್ಶಕ ಬೇಡ. ನಡುವಿನ ಮೊಗ್ಗು ಹಸಿರಾಗಿ ಗೆಡ್ಡೆಯ ಅರ್ಧ ಎತ್ತರ ದಾಟಿದ್ದರೆ ಆ ರಾಶಿಯನ್ನು ಇನ್ನು ಇಡಬಾರದು, ಸಿಕ್ಕ ಬೆಲೆಗೆ ಮಾರುವುದೇ ಸರಿ.