ಹೊರುವುದು ಸ್ಪ್ರಿಂಗ್, ಹಿಡಿಯುವುದು ಶಾಕ್ ಅಬ್ಸಾರ್ಬರ್

ಎಂಟು ಹತ್ತು ವರ್ಷ ಓಡಿದ ಕಾರು ಹಂಪ್ ದಾಟಿದ ಮೇಲೂ ಎರಡು ಮೂರು ಸಲ ಕುಣಿದರೆ, ಗುಂಡಿಗೆ ಇಳಿದಾಗ ‘ಧಡ್’ ಎಂದರೆ, ಗ್ಯಾರೇಜಿನಲ್ಲಿ ಸಿಗುವ ಉತ್ತರ ಒಂದೇ: ‘ಶಾಕ್ ಅಬ್ಸಾರ್ಬರ್ ಹೋಗಿದೆ, ಬದಲಾಯಿಸಿ.’ ಉತ್ತರ ಬಹುಮಟ್ಟಿಗೆ ಸರಿ. ತೊಡಕು ಶುರುವಾಗುವುದು ಬದಲಿಗೆ ಏನು ಹಾಕಿಸಬೇಕು ಎಂಬಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗೆ ಹೋದರೆ ಆಯಿಲ್ ಶಾಕ್, ಗ್ಯಾಸ್ ಶಾಕ್, ಹೆವಿ ಡ್ಯೂಟಿ ಸ್ಪ್ರಿಂಗ್, ಕಾರನ್ನು ತಗ್ಗಿಸುವ ಸ್ಪ್ರಿಂಗ್, ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್ ಹೀಗೆ ಆಯ್ಕೆಗಳ ಸಾಲೇ ಎದುರಾಗುತ್ತದೆ. ಕೊಳ್ಳುವವರ ಕೈಯಲ್ಲಿರುವುದು ಮಾತ್ರ ಒಂದು ಸುಲಭದ ಲೆಕ್ಕ: ಮೆತ್ತಗಿದ್ದರೆ ಸುಖ, ಗಟ್ಟಿಯಿದ್ದರೆ ಬಾಳಿಕೆ. ಈ ಲೆಕ್ಕ ನಂಬಿದವರು ದುಡ್ಡು ಸುರಿದೂ ಬೆನ್ನುನೋವು ಉಳಿಸಿಕೊಳ್ಳುತ್ತಾರೆ. ಏಕೆಂದರೆ ಪ್ರಯಾಣದ ಹಿತ ಯಾವ ಒಂದು ಬಿಡಿಭಾಗದ ಒಳಗೂ ಕುಳಿತಿಲ್ಲ. ಕಾರಿನ ತೂಕ, ಸ್ಪ್ರಿಂಗಿನ ಬಿಗಿ, ಶಾಕ್ ಅಬ್ಸಾರ್ಬರಿನ ತಡೆ, ಚಕ್ರ ಮೇಲೆ ಕೆಳಗೆ ಆಡಲು ಉಳಿದಿರುವ ಜಾಗ, ಈ ನಾಲ್ಕೂ ಒಂದಕ್ಕೊಂದು ಹೊಂದಿಕೊಂಡಾಗ ಹುಟ್ಟುವಂಥದ್ದು ಅದು. ಒಂದನ್ನು ಮಾತ್ರ ಹಿಡಿದು ‘ಸುಧಾರಿಸಲು’ ಹೊರಟರೆ ಉಳಿದವು ಕೆಡುತ್ತವೆ.

ಮೊದಲು ಕೆಲಸದ ಹಂಚಿಕೆ ನೋಡೋಣ. ಭಾರ ಹೊರುವುದು ಸ್ಪ್ರಿಂಗ್. ಚಕ್ರ ಉಬ್ಬು ಹತ್ತಿದಾಗ ಅದು ಕುಗ್ಗಿ ಆ ಶಕ್ತಿಯನ್ನು ಇಟ್ಟುಕೊಳ್ಳುತ್ತದೆ. ಇಟ್ಟುಕೊಂಡದ್ದನ್ನು ಮರುಕ್ಷಣವೇ ವಾಪಸು ಕೊಡುತ್ತದೆ. ಆಗ ಕಾರು ಮೇಲೇಳುತ್ತದೆ, ಕೂರುತ್ತದೆ, ಮತ್ತೆ ಏಳುತ್ತದೆ. ಈ ಏರಿಳಿತವನ್ನು ಹಿಡಿದು ನಿಲ್ಲಿಸುವ ಕೆಲಸ ಶಾಕ್ ಅಬ್ಸಾರ್ಬರಿನದು. ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ಕಿರಿದಾದ ಕಂಡಿಗಳಲ್ಲಿ ಹಾಯಿಸುವಾಗ ಚಲನೆಯ ಶಕ್ತಿ ಶಾಖವಾಗಿ ಹೊರಟುಹೋಗುತ್ತದೆ. ಕಾರು ತನ್ನಷ್ಟಕ್ಕೆ ಎಷ್ಟು ಬೇಗ ಏರಿಳಿಯುತ್ತದೆ ಎಂಬುದು ಸ್ಪ್ರಿಂಗಿನ ಬಿಗಿ ಮತ್ತು ಅದರ ಮೇಲಿನ ತೂಕದಿಂದ ನಿರ್ಧಾರವಾಗುತ್ತದೆ. ಸಾಮಾನ್ಯ ಕಾರುಗಳಲ್ಲಿ ಇದು ಸೆಕೆಂಡಿಗೆ 1ರಿಂದ 1.5 ಸಲ, ಸ್ಪೋರ್ಟ್ಸ್ ಕಾರುಗಳಲ್ಲಿ 2ರ ಆಸುಪಾಸು. ಈ ಅಂಕಿಗಳ ಹಿಂದೆ ನಮ್ಮ ದೇಹದ ರಚನೆಯೇ ಇದೆ. ಕುಳಿತಿರುವ ಮನುಷ್ಯನಿಗೆ ಮೇಲೆ ಕೆಳಗಿನ ಅಲುಗಾಟ ಅತಿ ಹೆಚ್ಚು ಹಿಂಸೆ ಕೊಡುವುದು ಸೆಕೆಂಡಿಗೆ 4ರಿಂದ 8 ಸಲದ ವೇಗದಲ್ಲಿ. ಹೊಟ್ಟೆಯ ಅಂಗಗಳೂ ಬೆನ್ನೂ ಆಗ ತಾವೇ ಜೋರಾಗಿ ಕಂಪಿಸತೊಡಗುತ್ತವೆ. ತೀರಾ ನಿಧಾನವೂ ಒಳ್ಳೆಯದಲ್ಲ: ಎರಡು ಸೆಕೆಂಡಿಗೊಂದು ಸಲಕ್ಕಿಂತ ಕಡಿಮೆಯಾದರೆ ಹೊಟ್ಟೆ ತೊಳಸುತ್ತದೆ. ಇವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ಕಾರನ್ನು ನಿಲ್ಲಿಸುವುದೇ ವಿನ್ಯಾಸಕಾರರ ಕಸುಬು.

ಆ ಪಟ್ಟಿಯಿಂದ ಕಾರು ಎಷ್ಟು ಸುಲಭವಾಗಿ ಜಾರುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಮುಂದಿನ ಒಂದು ಚಕ್ರದ ಸ್ಪ್ರಿಂಗ್ 300 ಕಿ.ಗ್ರಾಂ ಹೊರುತ್ತಿದ್ದು, ಕಾರು ಸೆಕೆಂಡಿಗೆ 1.2 ಸಲ ಏರಿಳಿಯಬೇಕೆಂದರೆ, ಸ್ಪ್ರಿಂಗ್ ಒಂದೊಂದು ಮಿ.ಮೀ. ಕುಗ್ಗಲು ಸುಮಾರು 17 ನ್ಯೂಟನ್ ಬೇಕು, ಅಂದರೆ ಪೌಣೆರಡು ಕಿಲೋ ಭಾರ. ಸುರುಳಿ ಸ್ಪ್ರಿಂಗಿನ ಬಿಗಿ ಅದರ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಉಳಿದ ಅಳತೆಯೆಲ್ಲ ಹಾಗೆಯೇ ಇದ್ದು 12 ಮಿ.ಮೀ. ತಂತಿಯ ಜಾಗಕ್ಕೆ 13 ಮಿ.ಮೀ. ಬಂದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಬಿಗಿ ಮಾತ್ರ ಶೇ. 38ರಷ್ಟು ಹೆಚ್ಚಿರುತ್ತದೆ. ಕೆಲಸ ಮಾಡುವ ಸುರುಳಿಗಳು ಆರರಿಂದ ಐದಕ್ಕಿಳಿದರೂ ಬಿಗಿ ಶೇ. 20 ಹೆಚ್ಚುತ್ತದೆ. ಕಾರು ತಗ್ಗಲೆಂದು ಸ್ಪ್ರಿಂಗ್ ಕತ್ತರಿಸಿದಾಗ ಆಗುವುದು ಇದೇ; ಎತ್ತರ ಸಿಗಲೆಂದು ಸುರುಳಿಗಳ ನಡುವೆ ರಬ್ಬರ್ ಬಫರ್ ಸಿಕ್ಕಿಸಿದಾಗ ಆಗುವುದೂ ಬಹುಮಟ್ಟಿಗೆ ಇದೇ, ಏಕೆಂದರೆ ರಬ್ಬರಿನ ಆಚೀಚಿನ ಸುರುಳಿಗಳು ಸರಿಯಾಗಿ ಆಡುವುದಿಲ್ಲ. ಕೆಡುಕು ಅಲ್ಲಿಗೇ ನಿಲ್ಲದು. ಹಳೆಯ ಸ್ಪ್ರಿಂಗಿಗೆ ಸಾಕಾಗಿದ್ದ ಶಾಕ್ ಅಬ್ಸಾರ್ಬರ್ ಹೊಸ ಬಿಗಿಗೆ ಸಾಕಾಗುವುದಿಲ್ಲ: ಬಿಗಿ ಶೇ. 38 ಏರಿದರೆ ಅದೇ ಶಾಕಿನ ಹಿಡಿತ ಸುಮಾರು ಶೇ. 15 ಇಳಿದಂತೆ. ಕಾರು ಎತ್ತರವಾಗಿ, ಗಟ್ಟಿಮುಟ್ಟಾಗಿ ಕಾಣುತ್ತದೆ; ಒಳಗೆ ಕುಳಿತವರು ಮೊದಲಿಗಿಂತ ಹೆಚ್ಚು ಕುಲುಕುತ್ತಾರೆ.

ಶಾಕ್ ಅಬ್ಸಾರ್ಬರಿನ ಗುಣ ತಿಳಿಯಲು ಹಂಪ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ದಾಟಲೆಂದು ಮಾಡಿದ್ದು. ಆ ವೇಗದಲ್ಲಿ ಚಕ್ರ ಅದರ ಮೇಲೆ ಅರ್ಧ ಸೆಕೆಂಡಿಗೂ ತುಸು ಹೆಚ್ಚು ಹೊತ್ತು ಇರುತ್ತದೆ, ಸೆಕೆಂಡಿಗೆ ಸುಮಾರು 40 ಸೆಂ.ಮೀ. ವೇಗದಲ್ಲಿ ಮೇಲೇರುತ್ತದೆ. ಬಡಾವಣೆಯವರು ಡಾಂಬರು ಸುರಿದು ಕಟ್ಟಿಕೊಂಡ 40 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ ದಿಣ್ಣೆ ಇದರ ಅರ್ಧ ಎತ್ತರದ್ದೇ ಆದರೂ, ಅದೇ ವೇಗದಲ್ಲಿ ಹೋದರೆ ಚಕ್ರವನ್ನು ಸೆಕೆಂಡಿಗೆ ಒಂದೂವರೆ ಮೀಟರಿಗೂ ಮಿಕ್ಕಿದ ವೇಗದಲ್ಲಿ ಎತ್ತಿ ಒಗೆಯುತ್ತದೆ. ಟಯರು ನುಂಗಿಕೊಳ್ಳುವುದನ್ನು ಕಳೆದರೂ ಎರಡರ ನಡುವೆ ಅಜಗಜಾಂತರ. ಮೊದಲನೆಯದಕ್ಕೆ ಶಾಕ್ ಅಬ್ಸಾರ್ಬರ್ ಬಿಗಿ ಹಿಡಿಯಬೇಕು, ಇಲ್ಲದಿದ್ದರೆ ಕಾರು ತೇಲಾಡುತ್ತದೆ. ಎರಡನೆಯದಕ್ಕೆ ಬಿಟ್ಟುಕೊಡಬೇಕು, ಇಲ್ಲದಿದ್ದರೆ ಪೆಟ್ಟು ನೇರ ಸೀಟಿಗೆ ಬರುತ್ತದೆ. ಎರಡನ್ನೂ ಮಾಡಿಸುವುದು ಪಿಸ್ಟನ್ನಿನ ಮೇಲೆ ಒಂದರ ಮೇಲೊಂದು ಕೂರಿಸಿದ ತೆಳು ಉಕ್ಕಿನ ಬಿಲ್ಲೆಗಳು. ನಿಧಾನ ಚಲನೆಯಲ್ಲಿ ಅವು ಮುಚ್ಚಿರುತ್ತವೆ, ಎಣ್ಣೆ ಸಣ್ಣ ಕಂಡಿಯಲ್ಲೇ ನುಸುಳಬೇಕು. ಒತ್ತಡ ಮಿತಿ ಮೀರಿದಾಗ ಬಾಗಿ ದಾರಿ ಬಿಡುತ್ತವೆ. ಸಾಮಾನ್ಯವಾಗಿ ಕುಗ್ಗುವಾಗಿನ ತಡೆಗಿಂತ ಹಿಗ್ಗುವಾಗಿನ ತಡೆಯನ್ನು ಎರಡು ಮೂರು ಪಟ್ಟು ಹೆಚ್ಚಿಟ್ಟಿರುತ್ತಾರೆ: ಏರುವ ಚಕ್ರಕ್ಕೆ ದಾರಿ ಬಿಡಬೇಕು, ವಾಪಸು ಚಿಮ್ಮುವ ಸ್ಪ್ರಿಂಗನ್ನು ಹಿಡಿಯಬೇಕು. ಶಾಕ್ ಅಬ್ಸಾರ್ಬರ್ ಕೊಳ್ಳುವುದೆಂದರೆ ನಿಜದಲ್ಲಿ ಈ ಬಿಲ್ಲೆಗಳ ಹೊಂದಿಕೆಯನ್ನು ಕೊಳ್ಳುವುದು.

ಹಾಗಾದರೆ ಗ್ಯಾಸ್ ಶಾಕ್ ಹೆಚ್ಚು ಒಳ್ಳೆಯದಲ್ಲವೇ ಎಂದು ಕೇಳಬಹುದು. ಗ್ಯಾಸಿನ ಕೆಲಸ ಏನೆಂದು ತಿಳಿದರೆ ಉತ್ತರ ಸುಲಭ. ಪಿಸ್ಟನ್ ವೇಗವಾಗಿ ಓಡಿದಾಗ ಅದರ ಬೆನ್ನ ಹಿಂದೆ ಒತ್ತಡ ಇಳಿದು ಎಣ್ಣೆಯಲ್ಲಿ ಗುಳ್ಳೆ ಏಳುತ್ತವೆ. ನೊರೆಯಾದ ಎಣ್ಣೆ ತಡೆ ಕೊಡುವುದಿಲ್ಲ. ಸಾರಜನಕದ ಒತ್ತಡ ಈ ಗುಳ್ಳೆಗಳನ್ನು ತಡೆಯುತ್ತದೆ. ಎರಡು ಕೊಳವೆಯ ಸಾಮಾನ್ಯ ಗ್ಯಾಸ್ ಶಾಕಿನಲ್ಲಿ ಒತ್ತಡ ಕೆಲವೇ ಬಾರ್. ಫ್ರಾನ್ಸಿನ ಎಂಜಿನಿಯರ್ ಬೂರ್ಸಿಯೆ ದ ಕಾರ್ಬೋನ್ ರೂಪಿಸಿದ ಒಂಟಿ ಕೊಳವೆಯ ಬಗೆಯಲ್ಲಿ 20ರಿಂದ 30 ಬಾರ್. ಗಂಟೆಗಟ್ಟಲೆ ಕಚ್ಚಾ ರಸ್ತೆಯಲ್ಲಿ ಓಡುವ ಕಾರಿಗೆ ಇದು ನಿಜಕ್ಕೂ ಉಪಕಾರಿ, ಏಕೆಂದರೆ ಅಲ್ಲಿ ಎಣ್ಣೆ ಬಿಸಿಯೇರಿ ನೊರೆಗಟ್ಟುವ ಅಪಾಯ ಹೆಚ್ಚು. ಆದರೆ ಗ್ಯಾಸ್ ಕಾರನ್ನು ಹೊರುವುದಿಲ್ಲ, ತಾನಾಗಿ ಸವಾರಿಯನ್ನು ಮೆದುಗೊಳಿಸುವುದೂ ಇಲ್ಲ. 25 ಬಾರ್ ಒತ್ತಡ 11 ಮಿ.ಮೀ. ದಪ್ಪದ ಪಿಸ್ಟನ್ ದಂಡವನ್ನು ಹೊರಕ್ಕೆ ತಳ್ಳುವುದು ಸುಮಾರು 24 ಕಿಲೋ ಬಲದಿಂದ. ಅದರಿಂದ ಕಾರು ತುಸು ಎತ್ತರ ನಿಲ್ಲುತ್ತದೆ, ಅಷ್ಟೇ. ಬಿಲ್ಲೆಗಳ ಹೊಂದಿಕೆ ಬಿಗಿಯಾಗಿದ್ದರೆ ಗ್ಯಾಸ್ ಶಾಕೂ ಕುಲುಕಿಸುತ್ತದೆ, ಚೆನ್ನಾಗಿದ್ದರೆ ಆಯಿಲ್ ಶಾಕೂ ಹಿತವಾಗಿರುತ್ತದೆ.

ಇನ್ನೊಂದು ಆಕ್ಷೇಪ: ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಮುಗಿಯಿತಲ್ಲ? ಮೆದುತನಕ್ಕೆ ಬೆಲೆಯಿದೆ, ಆ ಬೆಲೆಯನ್ನು ಜಾಗದ ರೂಪದಲ್ಲಿ ಕೊಡಬೇಕು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಜನರೆದುರು ಬಂದ ಸಿಟ್ರೋಯೆನ್ 2ಸಿವಿ ಕಾರಿಗೆ ಹಾಕಿದ್ದ ಷರತ್ತು ಪ್ರಸಿದ್ಧ: ಉತ್ತ ಹೊಲದಲ್ಲಿ ಓಡಿಸಿದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು. ಆ ಕಾರಿನ ಸ್ಪ್ರಿಂಗ್ ಬಲು ಮೆದು. ಅದಕ್ಕೆ ತಕ್ಕಂತೆ ಚಕ್ರಗಳಿಗೆ ಆಡಲು ಧಾರಾಳ ಜಾಗವಿತ್ತು, ತಿರುವಿನಲ್ಲಿ ಕಾರು ನೋಡಿದವರು ಬೆಚ್ಚುವಷ್ಟು ವಾಲುತ್ತಿತ್ತು. ಇಂದಿನ ಸಣ್ಣ ಕಾರಿನಲ್ಲಿ ಅಂಥ ಜಾಗವಿಲ್ಲ. ಹಿಂದಿನ ಒಂದು ಚಕ್ರದ ಮೇಲೆ ಖಾಲಿ ಕಾರಿನ 200 ಕಿ.ಗ್ರಾಂ ಇದೆ, ಅದು ಸೆಕೆಂಡಿಗೆ 1.5 ಸಲ ಏರಿಳಿಯುತ್ತದೆ ಎನ್ನಿ. ಮೂವರು ಹಿಂದೆ ಕೂತು ಡಿಕ್ಕಿ ತುಂಬಿ ಆ ಚಕ್ರಕ್ಕೆ 150 ಕಿ.ಗ್ರಾಂ ಸೇರಿದರೆ ಕಾರು 8 ಸೆಂ.ಮೀ.ಗೂ ಹೆಚ್ಚು ಕೂರುತ್ತದೆ. ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಇನ್ನೂ ಕೆಳಗೆ. ಆಗ ಚಕ್ರಕ್ಕೆ ಮೇಲೇರಲು ಎಡೆಯೇ ಇಲ್ಲದೆ ಪ್ರತಿ ಗುಂಡಿಯಲ್ಲೂ ಬಂಪ್ ಸ್ಟಾಪರ್‌ಗೆ ಬಡಿಯುತ್ತದೆ. ಕಾರಿನಲ್ಲಿ ಅತ್ಯಂತ ಗಡುಸಾದ ಸ್ಪ್ರಿಂಗ್ ಎಂದರೆ ಆ ರಬ್ಬರ್ ತುಂಡೇ. ದಣಿದು ಕುಸಿದ ಹಳೆಯ ಸ್ಪ್ರಿಂಗ್ ಕಾಡುವುದೂ ಇದೇ ದಾರಿಯಲ್ಲಿ; ಅದರ ಬಿಗಿ ಅಷ್ಟೇನೂ ಬದಲಾಗಿರುವುದಿಲ್ಲ, ಎತ್ತರ ಹೋಗಿರುತ್ತದೆ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಎಡ ಬಲ ಅಳೆದರೆ ಕುಸಿತ ಗೊತ್ತಾಗುತ್ತದೆ.

ಹಂಪ್‌ಗೆ ಹೊಟ್ಟೆ ತಾಗುತ್ತದೆಂದು ಮುಂದಿನ ಎರಡಕ್ಕೆ ಮಾತ್ರ ಗಟ್ಟಿ ಸ್ಪ್ರಿಂಗ್ ಹಾಕಿಸುವ ರೂಢಿಯೂ ಇದೆ. ಇದು ಕೆಡಿಸುವುದು ಬೇರೆಯೇ ಒಂದು ಹೊಂದಿಕೆಯನ್ನು. ರೋಲ್ಸ್ ರಾಯ್ಸ್‌ನಿಂದ ಅಮೆರಿಕದ ಕ್ಯಾಡಿಲ್ಯಾಕ್‌ಗೆ ಬಂದ ಬ್ರಿಟಿಷ್ ಎಂಜಿನಿಯರ್ ಮಾರಿಸ್ ಆಲಿ 1930ರ ದಶಕದ ಆರಂಭದಲ್ಲಿ, ತೂಕಗಳನ್ನು ಹಿಂದೆ ಮುಂದೆ ಸರಿಸಬಹುದಾದ ಪರೀಕ್ಷಾ ಕಾರು ಕಟ್ಟಿ ಜನರನ್ನು ಕೂರಿಸಿ ಓಡಿಸಿದ. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆದುವಾಗಿದ್ದಾಗ ಸವಾರಿ ಹಿತವೆಂದು ಅವನಿಗೆ ಖಚಿತವಾಯಿತು. ಕಾರಣ ಸರಳ. ಉಬ್ಬು ಮೊದಲು ತಾಗುವುದು ಮುಂದಿನ ಚಕ್ರಕ್ಕೆ; 60 ಕಿ.ಮೀ. ವೇಗದಲ್ಲಿ 2.4 ಮೀಟರ್ ಹಿಂದಿರುವ ಚಕ್ರಕ್ಕೆ ಅದು ತಾಗುವುದು ಸೆಕೆಂಡಿನ ಏಳನೇ ಒಂದು ಭಾಗ ತಡವಾಗಿ. ಹಿಂದಿನ ತುದಿ ತುಸು ಬೇಗ ಏರಿಳಿದರೆ ಮುಂದಿನದನ್ನು ಸೇರಿಕೊಂಡು ಕಾರು ಮಟ್ಟವಾಗಿ ಏಳುತ್ತದೆ. ಇಲ್ಲದಿದ್ದರೆ ಮೂಗು ಎದ್ದಾಗ ಬಾಲ ಬಿದ್ದು ತಲೆ ಹಿಂದೆ ಮುಂದೆ ತೂಗುತ್ತದೆ. ಹೊಟ್ಟೆ ತಾಗುವ ಕಾರಿಗೆ ಮೊದಲು ಬೇಕಾದದ್ದು ಕುಸಿದ ಸ್ಪ್ರಿಂಗಿನ ಜಾಗಕ್ಕೆ ಅದೇ ಅಳತೆಯ ಹೊಸದು. ಗಟ್ಟಿ ಸ್ಪ್ರಿಂಗ್ ನ್ಯಾಯವಾಗಿ ಸಲ್ಲುವುದು ಭಾರ ಖಾಯಮ್ಮಾಗಿ ಹೆಚ್ಚಿರುವ ಕಾರಿಗೆ: ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂರಿಸಿದ್ದು, ಸದಾ ಲಗೇಜು ಹೊರುವ ಟ್ಯಾಕ್ಸಿ. ಅಲ್ಲೂ ಆ ಗಟ್ಟಿ ಸ್ಪ್ರಿಂಗಿಗೆ ತಕ್ಕ ಶಾಕ್ ಅಬ್ಸಾರ್ಬರ್ ಜೊತೆಗೇ ಬರಬೇಕು.

ಕಂಪನಿಯ ಅಳತೆಯದನ್ನೇ ಹಾಕಿಸಿದರೂ ಕಾರು ಮೊದಲಿಗಿಂತ ಗಡುಸಾಯಿತು ಎಂಬ ದೂರು ಬರುವುದುಂಟು. ದೂರು ಸುಳ್ಳಲ್ಲ. ಶಾಕ್ ಅಬ್ಸಾರ್ಬರ್ ವರ್ಷಗಳ ಕಾಲ ಇಷ್ಟಿಷ್ಟೇ ಸವೆಯುವಾಗ ಊರೊಳಗಿನ ನಿಧಾನ ಓಡಾಟದಲ್ಲಿ ಕಾರು ಮೆದುವಾದಂತೆಯೇ ಅನ್ನಿಸುತ್ತದೆ, ನಾವು ಅದಕ್ಕೆ ಒಗ್ಗಿಹೋಗುತ್ತೇವೆ. ಆದರೆ ಸವೆದ ಶಾಕ್ ಚಕ್ರವನ್ನೂ ಹಿಡಿಯುವುದಿಲ್ಲ. ಸೆಕೆಂಡಿಗೆ ಹತ್ತು ಹದಿನೈದು ಸಲ ಕುಪ್ಪಳಿಸುವ ಚಕ್ರ ನೆಲ ಬಿಟ್ಟಾಗ ಬ್ರೇಕಿಗೂ ಸ್ಟಿಯರಿಂಗಿಗೂ ಹಿಡಿತ ಸಿಗದು. ಟಯರು ಅಲ್ಲಲ್ಲಿ ಗುಳಿಬಿದ್ದು ಸವೆಯುತ್ತದೆ. ಹೊಸ ಶಾಕಿನ ಬಿಗಿಯಲ್ಲಿ ಒಂದಿಷ್ಟು, ಕಾರು ಹೊಸತಿದ್ದಾಗ ಇದ್ದ ನಡೆಯೇ. ಉಳಿದ ಗಡುಸು ಹೆಚ್ಚಾಗಿ ಬರುವುದು ಜೋಡಿಸಿದ ರೀತಿಯಿಂದ. ಮೇಲಿನ ಮೌಂಟಿಂಗ್, ಅದರ ಬೇರಿಂಗ್, ಬಂಪ್ ಸ್ಟಾಪರ್, ದೂಳು ತಡೆಯುವ ಬೂಟ್ ಇವನ್ನು ಹಳೆಯದೇ ಉಳಿಸಿ ಉಳಿತಾಯ ಮಾಡಿದರೆ ಬಿರುಸಾದ ರಬ್ಬರು ಪ್ರತಿ ಪೆಟ್ಟನ್ನೂ ಕಾರಿನ ಒಡಲಿಗೆ ದಾಟಿಸುತ್ತದೆ. ಕಾರು ಜ್ಯಾಕ್ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿದುಬಿಡುವುದು ಇನ್ನೊಂದು ತಪ್ಪು: ಕಾರು ನೆಲಕ್ಕಿಳಿದಾಗ ಬುಷ್ ತಿರುಚಿಕೊಂಡೇ ನಿಲ್ಲುತ್ತದೆ, ಅದೇ ಒಂದು ಬೇಡದ ಸ್ಪ್ರಿಂಗ್ ಆಗುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಕಾರಿನ ಭಾರ ಬಂದ ಮೇಲೆಯೇ ಕೊನೆಯ ಬಿಗಿತ ಕೊಡಬೇಕು, ಆಮೇಲೆ ವೀಲ್ ಅಲೈನ್‌ಮೆಂಟ್. ಟಯರಿನ ಗಾಳಿಯನ್ನೂ ಬಾಗಿಲ ಪಟ್ಟಿಯ ಚೀಟಿಯಲ್ಲಿರುವಷ್ಟೇ ಇಡಬೇಕು. ರಸ್ತೆಗೂ ಕಾರಿಗೂ ನಡುವಿನ ಮೊದಲ ಸ್ಪ್ರಿಂಗ್ ಅದೇ.

ಆದ್ದರಿಂದ ಅಂಗಡಿಯಲ್ಲಿ ‘ಕಂಫರ್ಟ್ ಯಾವುದು?’ ಎಂದು ಕೇಳಿದರೆ ಸಿಗುವ ಉತ್ತರ ಮಾರುವವನ ದಾಸ್ತಾನನ್ನು ಹೇಳುತ್ತದೆ. ಕೇಳಬೇಕಾದದ್ದು ಬೇರೆ: ಈ ಮಾದರಿ, ಈ ವರ್ಷ, ಈ ಎಂಜಿನ್ನಿಗೆ ಕಂಪನಿ ಕೊಟ್ಟ ಪಾರ್ಟ್ ನಂಬರಿಗೆ ಸರಿಹೊಂದುವುದು ಯಾವುದು. ಡೀಸೆಲ್ ಎಂಜಿನ್ ಹೆಚ್ಚು ಭಾರವಿರುವುದರಿಂದ ಅದೇ ಕಾರಿನ ಪೆಟ್ರೋಲ್ ಸ್ಪ್ರಿಂಗ್ ಅದಕ್ಕೆ ಒಗ್ಗದಿರಬಹುದು. ಎಡ ಬಲ ಜೋಡಿಯಾಗಿ, ರಬ್ಬರ್ ಭಾಗಗಳ ಸಮೇತ ಕೊಳ್ಳಬೇಕು. ಎತ್ತರ ಕುಸಿದಿದ್ದರೆ ಮಾತ್ರ ಸ್ಪ್ರಿಂಗ್. ಕಾರು ಹೊಸತಿದ್ದಾಗಲೇ ಕುಲುಕುತ್ತಿತ್ತು ಎನ್ನುವವರಿಗೂ ಬೇರೆ ಸ್ಪ್ರಿಂಗ್ ಮೊದಲ ಮದ್ದಲ್ಲ. ದೊಡ್ಡ ಅಲಾಯ್ ಚಕ್ರ, ತೆಳು ಗೋಡೆಯ ಟಯರು ಹಾಕಿಸಿದ್ದರೆ ಮೂಲ ಅಳತೆಗೆ ಮರಳುವುದು ಅಗ್ಗದ, ಖಚಿತವಾದ ದಾರಿ. ಕಾರು ಕಟ್ಟಿದವರು ಖಾಲಿ ಕಾರಿಗೂ ತುಂಬಿದ ಕಾರಿಗೂ, ನಿಧಾನಕ್ಕೂ ವೇಗಕ್ಕೂ ನಡುವೆ ಒಂದು ರಾಜಿ ಮಾಡಿಕೊಂಡಿರುತ್ತಾರೆ. ಅದು ನಮ್ಮ ಓಡಾಟಕ್ಕೆ ಹೊಂದದಿದ್ದರೆ ಬದಲಿಸಬಹುದು, ಆದರೆ ಬದಲಿಸುವಾಗ ತೂಕ, ಸ್ಪ್ರಿಂಗ್, ಶಾಕ್, ಜಾಗ ನಾಲ್ಕನ್ನೂ ಒಟ್ಟಿಗೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಷ್ಟು ಲೆಕ್ಕ ಹಾಕುವ ಉಸಾಬರಿ ಬೇಡ ಎನ್ನುವವರಿಗೆ ಮೂಲ ಅಳತೆಯೇ ಅತ್ಯಂತ ಹಿತವಾದ ಆಯ್ಕೆ.