ಕೂದಲಿನ ಕಪ್ಪು ಬಣ್ಣ ಮತ್ತು ದೂರದ ಓಟ



ಚೇರು ಮರದ ಸೊನೆ ತಾಗಿದರೆ ಏನಾಗುತ್ತದೆಂದು ಗುಡ್ಡೆಯ ಬದಿಯ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಇಬ್ಬರು ಒಟ್ಟಿಗೆ ಸೊಪ್ಪು ಕಡಿಯಲು ಹೋದರೆ ಒಬ್ಬನಿಗೆ ಏನೂ ಆಗುವುದಿಲ್ಲ. ಇನ್ನೊಬ್ಬನ ಮುಖ ಮರುದಿನ ಕುಂಬಳಕಾಯಿಯಂತೆ ಊದಿಕೊಳ್ಳುತ್ತದೆ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆಯೂ ಕೆಲವರ ಮೈಯಲ್ಲಿ ಇಂಥದೇ ಆಟ ಆಡುತ್ತದೆ. ಇದೇ ಗುಣವುಳ್ಳ ಇನ್ನೊಂದು ವಸ್ತು ಈಗ ಪ್ರತಿಯೊಂದು ಗೂಡಂಗಡಿಯಲ್ಲಿ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ನೇತಾಡುತ್ತಿರುತ್ತದೆ. ಅದು ತಲೆಕೂದಲಿಗೆ ಹಚ್ಚುವ ಕಪ್ಪು ಬಣ್ಣ, ನಮ್ಮ ಜನರ ಬಾಯಲ್ಲಿ ‘ಡೈ’. ಈ ಸಲದ ಅಂಕಣದಲ್ಲಿ ಅದರ ವಿಷಯವನ್ನೂ, ಅದರ ಜೊತೆಗೆ ದೂರದ ಓಟದ ವಿಷಯವನ್ನೂ ಹೇಳಬೇಕಾಗಿದೆ. ಈ ಎರಡಕ್ಕೆ ಏನು ಸಂಬಂಧ ಎಂದು ಕೇಳುವಿರಾದರೆ, ಇತ್ತೀಚೆಗೆ ನಮ್ಮಲ್ಲೇ ಇವೆರಡೂ ಒಬ್ಬರ ತಲೆಯ ಮೇಲೆ ಒಟ್ಟಿಗೆ ಬಂದವು.

ಅವರು ಅಡಿಕೆ ತೋಟದವರು, ಪ್ರಾಯ 48. ಸಕ್ಕರೆ ಕಾಯಿಲೆ ಬಾರದಿರಲೆಂದು ನಡೆಯಲು ತೊಡಗಿ, ನಡಿಗೆ ಓಟವಾಗಿ, ಓಟದ ಹುಚ್ಚು ಹಿಡಿದು 21 ಕಿಲೋಮೀಟರಿನ ಅರ್ಧ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ 18 ಕಿಲೋಮೀಟರ್ ಓಡುವುದೆಂದು ನಿಶ್ಚಯಿಸಿದ್ದರು. ಬುಧವಾರ ಅಣ್ಣನ ಮಗಳ ರೋಸ್. ಆದ್ದರಿಂದ ಶನಿವಾರ ರಾತ್ರಿ ಊಟವಾದ ಮೇಲೆ ಸ್ಟೀಲ್ ಬಟ್ಟಲಿನಲ್ಲಿ ಡೈ ಕಲಸಿ ತಲೆಗೂ ಮೀಸೆಗೂ ಹಚ್ಚಿಕೊಂಡರು. ಆಗಲೇ ಕರೆಂಟು ಹೋಯಿತು. ಪಂಪು ಇಲ್ಲ. ಕೊಡದಲ್ಲಿದ್ದ ನಾಲ್ಕು ಚೆಂಬು ನೀರು ಹೊಯ್ದುಕೊಂಡು ಮಲಗಿದರು.

ಬೆಳಿಗ್ಗೆ ನಾಲ್ಕೂವರೆಗೆ ಓಟ ಪ್ರಾರಂಭ. ಅರ್ಧ ದಾರಿಯಲ್ಲಿ ಬೆವರು ಹಣೆಯಿಂದ ಕಣ್ಣಿಗೆ ಇಳಿಯಿತು. ಬೈರಾಸಿನಿಂದ ಒರಸಿಕೊಂಡರು, ಮತ್ತೆ ಒರಸಿಕೊಂಡರು. ಮನೆಗೆ ಬಂದಾಗ ಬನಿಯನಿನ ಕುತ್ತಿಗೆ ಚಹಾದ ಕಲೆಯಂತೆ ಕಂದಾಗಿತ್ತು. ಆ ದಿನ ಬೇರೇನೂ ಆಗಲಿಲ್ಲ. ಸೋಮವಾರ ಸಂಜೆ ಕಿವಿಯ ಹಿಂದೆ ತುರಿಕೆ. ಮಂಗಳವಾರ ಬೆಳಿಗ್ಗೆ ಎರಡೂ ಕಣ್ಣುಗಳ ರೆಪ್ಪೆ ಊದಿ ಮುಚ್ಚಿದ್ದವು. ರೋಸಿನ ದಿನ ಕಪ್ಪು ಕನ್ನಡಕ ಹಾಕಿ ಚಪ್ಪರದ ಮೂಲೆಯಲ್ಲಿ ಕೂತಿದ್ದವರು ನನ್ನಲ್ಲಿ, “ಫಾದರ್, ಹದಿನೈದು ವರ್ಷದಿಂದ ಇದೇ ಡೈ ಹಚ್ಚುತ್ತಿದ್ದೇನೆ. ಇದು ಡೈಯಿಂದ ಆದದ್ದಲ್ಲ. ಓಡುವಾಗ ಯಾವುದೋ ಹುಳ ಮುಟ್ಟಿರಬೇಕು” ಎಂದರು. ಚರ್ಮದ ಡಾಕ್ಟರರು ನೋಡಿ ಹುಳವಲ್ಲ, ಡೈಯೇ ಎಂದು ಹೇಳಿದರು.

ಹದಿನೈದು ವರ್ಷ ಏನೂ ಮಾಡದ ವಸ್ತು ಹದಿನಾರನೆಯ ವರ್ಷ ಹೀಗೆ ಮಾಡುವುದೆಂತು? ಇದನ್ನು ತಿಳಿಯಬೇಕಾದರೆ ಬಣ್ಣ ಹಿಡಿಯುವ ಬಗೆಯನ್ನು ಮೊದಲು ತಿಳಿಯಬೇಕು. ಕೂದಲಿನ ಹೊರಮೈ ಹಂಚಿನ ಮಾಡಿನಂತೆ. ಸಣ್ಣ ಪೊರೆಗಳು ಒಂದರ ಮೇಲೊಂದು ಹೊದಿಸಿದಂತೆ ಇರುತ್ತವೆ. ನೈಸರ್ಗಿಕವಾದ ಕಪ್ಪು ಇರುವುದು ಒಳಗಿನ ತಿರುಳಿನಲ್ಲಿ. ಡೈಯಲ್ಲಿರುವ ಕ್ಷಾರವು ಆ ಹಂಚುಗಳನ್ನು ಸ್ವಲ್ಪ ಎತ್ತುತ್ತದೆ. ಆಗ ಪ್ಯಾರಾ ಫಿನೈಲೀನ್ ಡೈಅಮೀನ್, ಅಂದರೆ ಪಿ.ಪಿ.ಡಿ. ಎಂಬ ವಸ್ತುವಿನ ಅತಿ ಸಣ್ಣ ಅಣುಗಳು ಒಳಗೆ ನುಗ್ಗುತ್ತವೆ. ಇವುಗಳಿಗೆ ಸ್ವಂತ ಬಣ್ಣ ಹೆಚ್ಚೇನೂ ಇಲ್ಲ. ಜೊತೆಯಲ್ಲಿರುವ ಪೆರಾಕ್ಸೈಡಿನ ಆಮ್ಲಜನಕ ತಾಗಿದಾಗ ಅವು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗಿ ಕಪ್ಪಾಗುತ್ತವೆ. ದೊಡ್ಡದಾದ ಮೇಲೆ ಹೊರಗೆ ಬರಲಾರವು. ಆದುದರಿಂದಲೇ ಬಣ್ಣ ವಾರಗಟ್ಟಲೆ ನಿಲ್ಲುತ್ತದೆ.

ಕೂದಲೊಳಗೆ ಸೇರಿ ಪೂರ್ತಿ ಕಪ್ಪಾದ ಬಣ್ಣದಿಂದ ತೊಂದರೆ ಕಡಿಮೆ. ತೊಂದರೆ ಇರುವುದು ಅರ್ಧ ಕೆಲಸ ಮುಗಿದು ಚರ್ಮದ ಮೇಲೆ ಉಳಿದುದರಲ್ಲಿ. ಆ ಸಣ್ಣ ಅಣು ಕೂದಲನ್ನು ಹೊಕ್ಕಂತೆ ಚರ್ಮವನ್ನೂ ಹೊಗುತ್ತದೆ. ಕೆಲವರ ರಕ್ತದ ಬಿಳಿಕಣಗಳು ಅದನ್ನು ಶತ್ರುವೆಂದು ಗುರುತು ಹಾಕಿಕೊಳ್ಳುತ್ತವೆ. ಈ ಗುರುತು ಮೊದಲನೆಯ ಸಲಕ್ಕೇ ಆಗಬಹುದು, ನೂರನೆಯ ಸಲಕ್ಕೂ ಆಗಬಹುದು. ಒಮ್ಮೆ ಆಯಿತೆಂದರೆ ಸಾಮಾನ್ಯವಾಗಿ ಜೀವಮಾನವಿಡೀ ಅಳಿಯುವುದಿಲ್ಲ, ಮುಂದಿನ ಸಲದ ಊತ ಇನ್ನೂ ಬೇಗ, ಇನ್ನೂ ಜೋರಾಗಿ ಬರುತ್ತದೆ. ಈ ಬಗೆಯ ಅಲರ್ಜಿ ತಕ್ಷಣ ಕಾಣಿಸುವುದಿಲ್ಲ. ಒಂದರಿಂದ ಮೂರು ದಿನಗಳಲ್ಲಿ ಕಾಣಿಸುತ್ತದೆ. ಶನಿವಾರದ ಡೈಗೆ ಮಂಗಳವಾರ ಕಣ್ಣು ಮುಚ್ಚಿದ್ದು ಹೀಗೆ. ತಲೆಯ ಚರ್ಮ ದಪ್ಪ, ರೆಪ್ಪೆಯ ಚರ್ಮ ತೀರಾ ತೆಳು. ಆದ ಕಾರಣ ಹಚ್ಚಿದ್ದು ತಲೆಗಾದರೂ ಊದುವುದು ರೆಪ್ಪೆ, ಕಿವಿ, ಹಣೆ, ಕುತ್ತಿಗೆ. ನಮ್ಮ ಗೃಹಸ್ಥರ ವಿಷಯದಲ್ಲಿ ಓಟವು ರೋಗವನ್ನು ತರಲಿಲ್ಲ, ಆದರೆ ಸರಿಯಾಗಿ ತೊಳೆಯದೆ ಉಳಿದ ಡೈಯನ್ನು ಬೆವರಿನ ಕಾಲುವೆಯಲ್ಲಿ ಕಣ್ಣಿನವರೆಗೆ ಮುಟ್ಟಿಸಿತು. ಬೈರಾಸು ಉಳಿದದ್ದನ್ನು ಉಜ್ಜಿ ಒಳಗೆ ಸೇರಿಸಿತು.

ಕಣ್ಣಿನ ವಿಷಯದಲ್ಲಿ ಹಾಸ್ಯ ಸಲ್ಲದು. 1933ರಲ್ಲಿ ಅಮೆರಿಕದಲ್ಲಿ ‘ಲ್ಯಾಶ್ ಲ್ಯೂರ್’ ಎಂಬ ಹೆಸರಿನಿಂದ ಹುಬ್ಬಿಗೂ ಎವೆಗೂ ಹಚ್ಚುವ ಇಂಥದೇ ಬಣ್ಣ ಮಾರಾಟಕ್ಕೆ ಬಂತು. ಅದನ್ನು ಹಚ್ಚಿಕೊಂಡ ಹೆಂಗಸರಲ್ಲಿ ಕೆಲವರ ದೃಷ್ಟಿ ಹೋಯಿತು, ಸಾವೂ ಸಂಭವಿಸಿತು. 1938ರಲ್ಲಿ ಆ ದೇಶದಲ್ಲಿ ಆಹಾರ, ಔಷಧಿ ಮತ್ತು ಸೌಂದರ್ಯ ಸಾಧನಗಳ ಬಗ್ಗೆ ಹೊಸ ಕಾನೂನು ಬರಲು ಇದೂ ಒಂದು ಕಾರಣ. ಹುಬ್ಬಿಗೆ ಮತ್ತು ಎವೆಗೆ ಹಚ್ಚಬಾರದು, ಮೊದಲು ಪರೀಕ್ಷಿಸಿ ನೋಡಬೇಕು ಎಂಬ ಎಚ್ಚರಿಕೆಯನ್ನು ಪೊಟ್ಟಣದಲ್ಲಿ ಮುದ್ರಿಸಬೇಕೆಂದು ನಮ್ಮ ದೇಶದ ಕಾನೂನೂ ಹೇಳುತ್ತದೆ. ಮುದ್ರಿಸುತ್ತಾರೆ, ಇಲ್ಲವೆಂದಲ್ಲ. ಆದರೆ ಅಕ್ಷರ ಸಾಸಿವೆಗಿಂತ ಸಣ್ಣದು. ಇಂಗ್ಲಿಷ್, ಹಿಂದಿ, ಹೆಚ್ಚೆಂದರೆ ಮಲಯಾಳ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರು ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ. ಮನೆಯಲ್ಲಿ ಓದಬಲ್ಲ ಮಕ್ಕಳಿದ್ದರೆ ಅವರಿಂದ ಓದಿಸಿ ಕೇಳಿರಿ.

ಪರೀಕ್ಷೆ ಬಹಳ ಸುಲಭ. ಪೊಟ್ಟಣದಲ್ಲಿ ಹೇಳಿದಂತೆ ಒಂದಿಷ್ಟು ಕಲಸಿ, ಒಂದು ನಾಣ್ಯದಗಲ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಹಚ್ಚಿ 48 ಗಂಟೆ ಕಾಯಬೇಕು. ತುರಿಕೆ, ಕೆಂಪು, ಗುಳ್ಳೆ ಬಂದರೆ ಕೂಡಲೇ ತೊಳೆದು, ಆ ಡೈಯನ್ನು ಬಿಟ್ಟುಬಿಡಬೇಕು. ಹದಿನೈದು ವರ್ಷ ಹಚ್ಚಿದವರೂ ಪ್ರತಿಸಲ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಆದರೆ ಮೊದಲೇ ಒಮ್ಮೆ ಮುಖ ಊದಿದವರು ಮನೆಯಲ್ಲಿ ಈ ಪರೀಕ್ಷೆಗೆ ಇಳಿಯಬಾರದು; ಅವರಿಗೆ ಚರ್ಮದ ಡಾಕ್ಟರರು ಬೆನ್ನಿನ ಮೇಲೆ ಅಂಟಿಸಿ ನೋಡುವ ಪರೀಕ್ಷೆಯೇ ಸರಿ. ಡೈ ಕಲಸಲು ಲೋಹದ ಪಾತ್ರೆ ಬೇಡ, ಪ್ಲಾಸ್ಟಿಕ್ ಅಥವಾ ಪಿಂಗಾಣಿ ಇರಲಿ. ಕೈಗೆ ಗ್ಲೌಸು, ಹಣೆಯಂಚಿಗೆ ವ್ಯಾಸ್ಲೀನು, ಹೇಳಿದ ಸಮಯಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲದಂತೆ ಗಡಿಯಾರ. ತೊಳೆಯುವಾಗ ಕೆಳಗೆ ಬೀಳುವ ನೀರು ತಿಳಿಯಾಗುವ ತನಕ ತೊಳೆಯಬೇಕು. ಡ್ರಮ್ಮಿನಲ್ಲಿ ನೀರು ತುಂಬಿಸಿಟ್ಟ ಮೇಲೆಯೇ ಪೊಟ್ಟಣ ಒಡೆಯಿರಿ; ನಮ್ಮ ಕರೆಂಟಿನ ಗುಣ ನಿಮಗೆ ಗೊತ್ತೇ ಇದೆ.

‘ಅಮೋನಿಯಾ ಇಲ್ಲ’ ಎಂದು ದೊಡ್ಡದಾಗಿ ಬರೆದರೆ ಪಿ.ಪಿ.ಡಿ. ಇಲ್ಲವೆಂದು ಅರ್ಥವಲ್ಲ. ‘ಹರ್ಬಲ್’ ಎಂದರೂ ಹಾಗೆಯೇ. ತೊಳೆದರೆ ಕಪ್ಪಾಗುವ ಶಾಂಪೂ ಪೊಟ್ಟಣಗಳಲ್ಲಿಯೂ ಇದು ಇರಬಹುದು. ಮಕ್ಕಳ ಕೈಗೆ ಹಬ್ಬದಲ್ಲಿ ಹಾಕುವ ‘ಕಪ್ಪು ಮೆಹಂದಿ’ಯಲ್ಲಂತೂ ಇದನ್ನು ಬೆರೆಸುವುದುಂಟು. ಇಂದು ಆರು ವರ್ಷದ ಹುಡುಗಿಯ ಕೈಗೆ ಹಾಕಿದ ಚಿತ್ತಾರ, ಮುಂದೆ ಅವಳು ನಲ್ವತ್ತರಲ್ಲಿ ಡೈ ಹಚ್ಚಿದ ದಿನ ಲೆಕ್ಕ ಕೇಳಲು ಬರಬಹುದು.

ಊತ ಬಂದರೆ ತಲೆಯನ್ನು ಸೌಮ್ಯವಾದ ಸಾಬೂನಿನಿಂದ ಧಾರಾಳ ನೀರಿನಲ್ಲಿ ತೊಳೆದು, ತಣ್ಣೀರಿನ ಬಟ್ಟೆ ಇಟ್ಟುಕೊಂಡು ಡಾಕ್ಟರರಲ್ಲಿಗೆ ಹೋಗಬೇಕು. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಹರಿಸಬೇಕು. ಉಸಿರು ಕಟ್ಟಿದಂತೆ, ನಾಲಿಗೆ ದಪ್ಪವಾದಂತೆ ಆದರೆ ನಾಳೆಯವರೆಗೆ ಕಾಯುವ ಮಾತೇ ಇಲ್ಲ, ಆ ಕ್ಷಣವೇ ಆಸ್ಪತ್ರೆ. ಡೈಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ನಿಲ್ಲುತ್ತದೆ. ಅದನ್ನು ದಾಟಿದರೂ ಮೈಯ ಸ್ನಾಯುಗಳು ಒಡೆದು ಮೂತ್ರಪಿಂಡ ಕಟ್ಟಿಕೊಳ್ಳುತ್ತದೆ. ಆಗ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ.

ಆಶ್ಚರ್ಯವೆಂದರೆ ಮೂತ್ರದ ಇದೇ ಬಣ್ಣ ಅತಿಯಾಗಿ ಓಡಿದವರಲ್ಲಿಯೂ ಕಾಣುವುದುಂಟು. ಅಭ್ಯಾಸವಿಲ್ಲದ ಮೈಯನ್ನು ಸೆಕೆಯಲ್ಲಿ ಬಹುದೂರ ಓಡಿಸಿದರೆ ಸ್ನಾಯುಗಳು ಒಡೆಯುತ್ತವೆ. ಅದರ ಕೆಂಪು ವಸ್ತು ಮೂತ್ರಪಿಂಡವನ್ನು ಸೇರಿ ಅಲ್ಲಿ ತಡೆ ಮಾಡುತ್ತದೆ. ಓಟದ ಮರುದಿನ ಮೂತ್ರ ಕಂದಾಗಿ, ತೊಡೆ ಮುಟ್ಟಲಾರದಷ್ಟು ನೋಯುತ್ತಿದ್ದರೆ ಎಣ್ಣೆ ತಿಕ್ಕಿ ಕೂರುವುದಲ್ಲ, ಡಾಕ್ಟರರಿಗೆ ತೋರಿಸಬೇಕು. ಓಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗುವ ಅಭ್ಯಾಸ ಈಗಿನ ಹುಡುಗರಲ್ಲಿ ಬಂದಿದೆ. ಬೆವರಿ ಒಣಗಿದ ಮೈಯಲ್ಲಿ ಆ ಮಾತ್ರೆಗಳು ಮೂತ್ರಪಿಂಡಕ್ಕೆ ರಕ್ತ ಹೋಗುವುದನ್ನು ಇನ್ನೂ ಕಡಿಮೆ ಮಾಡುತ್ತವೆ. ಇದು ಬೇಡವೇ ಬೇಡ.

ಹಾಗಾದರೆ ದೂರ ಓಡುವುದೇ ತಪ್ಪೇ? ಅಲ್ಲ. ವಾರಕ್ಕೊಮ್ಮೆ ನಿಧಾನವಾಗಿ ದೂರ ಓಡುವುದು ಹೃದಯಕ್ಕೂ ಕಾಲಿಗೂ ಬಲ ಕೊಡುತ್ತದೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರರು ತಮ್ಮ ಶಿಷ್ಯರನ್ನು ಪ್ರತಿ ಭಾನುವಾರ ಗುಡ್ಡದ ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ಓಡಿಸುತ್ತಿದ್ದರು. ಬರೇ 800 ಮೀಟರ್ ಓಡುವವನಿಗೂ ವಿನಾಯಿತಿ ಇರಲಿಲ್ಲ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲಿ ಚಿನ್ನ ಗೆದ್ದರು. ಆದರೆ ಅವರು ಆ ದೂರಕ್ಕೆ ಒಂದೇ ತಿಂಗಳಲ್ಲಿ ಮುಟ್ಟಿದವರಲ್ಲ. ಪಕ್ಕದಲ್ಲಿ ಓಡುವವನೊಡನೆ ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಎರಡು ಶಬ್ದಕ್ಕೆ ಏದುಸಿರು ಬಂದರೆ ಹೆಚ್ಚಾಗಿದೆ. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಡಾಕ್ಟರರನ್ನು ಕೇಳದೆ ಪ್ರಾರಂಭಿಸಬಾರದು.

ನಮ್ಮ ಕರಾವಳಿಯಲ್ಲಿ ಒಂದು ವಿಶೇಷ ಕಷ್ಟವಿದೆ. ಮೈ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಆರುವುದಿಲ್ಲ, ಸುಮ್ಮನೆ ಹರಿದುಹೋಗುತ್ತದೆ. ಮೈ ಒಳಗೆ ಬಿಸಿಯಾಗುತ್ತಲೇ ಇರುತ್ತದೆ. ಓಡುವವನು ತೊದಲಿದರೆ, ಅಡ್ಡಾದಿಡ್ಡಿ ಹೆಜ್ಜೆ ಹಾಕಿದರೆ, ಇದ್ದಕ್ಕಿದ್ದಂತೆ ಸಿಟ್ಟುಗೊಂಡರೆ ಅದು ಬಿಸಿಯ ಆಘಾತ ಎಂದು ತಿಳಿದು ಆಸ್ಪತ್ರೆಗೆ ತಿಳಿಸಬೇಕು. ಜೊತೆಗೇ ನೆರಳಿನಲ್ಲಿ ಮಲಗಿಸಿ, ಮೈಮೇಲೆ ನೀರು ಹೊಯ್ದು ಗಾಳಿ ಬೀಸುತ್ತಿರಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

ನೀರು ಕುಡಿಯುವ ವಿಷಯದಲ್ಲೂ ಒಂದು ಮಾತು. ಹೆಚ್ಚು ಕುಡಿದಷ್ಟೂ ಒಳ್ಳೆಯದೆಂದು ಹಲವರು ತಿಳಿದಿದ್ದಾರೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಡಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಉಪ್ಪಿನಂಶ ಇರಬೇಕಾದುದಕ್ಕಿಂತ ಕಡಿಮೆಯಾಗಿತ್ತು. ಓಟದಲ್ಲಿ ತೂಕ ಇಳಿಯುವ ಬದಲು ಏರುವಷ್ಟು ಕುಡಿದವರಲ್ಲಿ ಇದು ಹೆಚ್ಚು. ಅದೇ ಓಟದಲ್ಲಿ 28 ವರ್ಷದ ಒಬ್ಬ ಮಹಿಳೆ ಇದರಿಂದಲೇ ತೀರಿಕೊಂಡರು. ಆದ್ದರಿಂದ ಬಾಯಾರಿದಾಗ ಕುಡಿಯಿರಿ, ಬಲವಂತವಾಗಿ ಬೇಡ. ಒಂದು ಗಂಟೆ ಮೀರಿದ ಓಟಕ್ಕೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿದ ನೀರು ಒಳ್ಳೆಯದು. ಚಮಚ ಎಂದರೆ ಚಹಾದ ಚಮಚ, ಮಟ್ಟಸವಾಗಿ. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಆದರೆ ಉಪ್ಪಿನ ಸೋಡಿಯಂ ಕಡಿಮೆ. ಓಡಿ ಬಂದು ಬೊಂಡ ಕುಡಿದ ಮೇಲೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ ಉಂಡರೆ ಲೆಕ್ಕ ಸರಿಹೋಗುತ್ತದೆ. ಇದನ್ನು ನಮ್ಮ ಅಜ್ಜಂದಿರು ಯಾವ ತರಬೇತುದಾರನಿಂದಲೂ ಕಲಿತವರಲ್ಲ.

ಓಡುವವರು ಡೈ ಹಚ್ಚಲೇಬೇಕೆಂದಿದ್ದರೆ ದೂರದ ಓಟಕ್ಕೆ ನಾಲ್ಕೈದು ದಿನ ಮೊದಲು ಹಚ್ಚಲಿ, ನಡುವೆ ಎರಡು ಸಲ ತಲೆ ತೊಳೆಯಲಿ. ಹಣೆಗೆ ಹತ್ತಿಯ ಪಟ್ಟಿ ಕಟ್ಟಿದರೆ ಬೆವರು ಕಣ್ಣಿಗೆ ಇಳಿಯುವುದಿಲ್ಲ.

ಡೈ ಆಗದವರಿಗೆ ಮದರಂಗಿ ಇದೆ. ಬರೇ ಮದರಂಗಿಯಲ್ಲಿ ಪಿ.ಪಿ.ಡಿ. ಇಲ್ಲ, ಆದರೆ ಅದು ಕಪ್ಪಾಗಿಸುವುದೂ ಇಲ್ಲ. ಬಿಳಿ ಕೂದಲು ಕಿತ್ತಳೆಗೆ ತಿರುಗುತ್ತದೆ, ಒಂದೆರಡು ದಿನದಲ್ಲಿ ಇನ್ನಷ್ಟು ಗಾಢವಾಗುತ್ತದೆ. ಕಪ್ಪೇ ಬೇಕೆಂದರೆ ಮರುದಿನ ನೀಲಿ ಗಿಡದ ಎಲೆಯ ಪುಡಿಯನ್ನು ನೀರಿನಲ್ಲಿ ಕಲಸಿ ಕೂಡಲೇ ಹಚ್ಚಬೇಕು. ಇದನ್ನೂ ಮೊದಲು ಕೈಯ ಮೇಲೆ ಪರೀಕ್ಷಿಸಬೇಕು, ಹಸುಗೂಸುಗಳಿಗೆ ಮದರಂಗಿ ಹಚ್ಚಬಾರದು, ರಕ್ತದಲ್ಲಿ ಜಿ-ಸಿಕ್ಸ್-ಪಿ.ಡಿ. ಎಂಬ ಕಿಣ್ವದ ಕೊರತೆ ಇರುವವರಲ್ಲಿ ಅದು ಕೆಂಪುಕಣಗಳನ್ನು ಒಡೆಯುತ್ತದೆ. ಅಂಗಡಿಯ ಪುಡಿಯ ಮೇಲೆ ನಂಬಿಕೆ ಇಲ್ಲದವರು ಬೇಲಿಯ ಬದಿಗೆ ನಾಲ್ಕು ಗಿಡ ನೆಡಿರಿ. ಪೆನ್ಸಿಲಿನಷ್ಟು ದಪ್ಪದ ಬಲಿತ ಗೆಲ್ಲು, ಒಂದು ಗೇಣು ಉದ್ದಕ್ಕೆ ಕತ್ತರಿಸಿ ಮಳೆಗಾಲದ ಆರಂಭದಲ್ಲಿ ಊರಿದರೆ ಬೇರು ಬಿಡುತ್ತದೆ. ನೀರು ನಿಲ್ಲುವ ಜಾಗ ಆಗದು, ಬಿಸಿಲು ಬೇಕು. ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಬಟ್ಟೆಯಲ್ಲಿ ಜರಡಿ ಹಿಡಿದು ಗಾಳಿಯಾಡದ ಡಬ್ಬದಲ್ಲಿ ತುಂಬಿಸಿಟ್ಟರೆ ಹಲವು ತಿಂಗಳು ಉಪಯೋಗಿಸಬಹುದು.